ಹದಿನಾಲ್ಕು ಟೊಮೇಟೊ ಗಿಡ, ಒಂದು ಟೈಮರ್

ಅಕ್ಕ ಫೋನ್ ಮಾಡಿ "ನಾಲ್ಕು ದಿನ ನಮ್ಮನೇಲಿ ಬಂದು ಇರು" ಅಂದದ್ದೇ ಎಲ್ಲ ತಾಪತ್ರಯಕ್ಕೂ ಮೂಲ. ಅವಳು ಹಾಗೆ ಕರೆದು ಏಳು ವರ್ಷವಾಗಿತ್ತು. "ಶುಕ್ರವಾರ ಸಂಜೆ ಆರರೊಳಗೆ ಬಂದ್ಬಿಡು, ತಡ ಮಾಡ್ಬೇಡ ಕಣೋ" ಎಂದೂ ಸೇರಿಸಿದ್ದಳು. ಆ 'ತಡ ಮಾಡ್ಬೇಡ ಕಣೋ' ಎಂಬ ಮಾತನ್ನು ಟೊಮೇಟೊ ಮಾಮ ಮೂರು ದಿನ ಮನಸ್ಸಿನಲ್ಲೇ ಚಪ್ಪರಿಸಿದ.

ಮಾಮನಿಗೆ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವ ಕೆಲಸ. ವಯಸ್ಸು ಐವತ್ತೆರಡು. ಮದುವೆ ಯಾಕಾಗಲಿಲ್ಲ ಎಂದು ಕೇಳುವವರೂ ಈಗ ಸುಸ್ತಾಗಿ ಬಿಟ್ಟಿದ್ದರು. ನೆಲಮಹಡಿಯ ಅವನ ಮನೆಗೆ ಬಿಸಿಲು ಬರುತ್ತಿರಲಿಲ್ಲ. ಯಾರೂ ಮಲಗದ ಎರಡನೇ ಕೋಣೆಯಲ್ಲಿ ಅವನು ದೊಡ್ಡ ದೀಪವೊಂದನ್ನು ತೂಗುಹಾಕಿ ಹದಿನಾಲ್ಕು ಟೊಮೇಟೊ ಗಿಡ ಬೆಳೆಸಿದ್ದ. ಬೆಳಗ್ಗೆ ಆರಕ್ಕೆ ದೀಪ ಹಾಕಬೇಕು, ರಾತ್ರಿ ಹತ್ತಕ್ಕೆ ಆರಿಸಬೇಕು, ಚಳಿಯಾದರೆ ಹೀಟರ್ ಹಾಕಬೇಕು. ಹೀಗಾಗಿ ಮೂರು ವರ್ಷದಿಂದ ಅವನು ಎಲ್ಲಿಗೂ ಹೋಗಿರಲಿಲ್ಲ. ಯಾರೂ ಕರೆದೂ ಇರಲಿಲ್ಲ ಅನ್ನಿ, ಆದರೆ ಗಿಡಗಳಿದ್ದುದರಿಂದ ಆ ವಿಷಯ ಅಷ್ಟಾಗಿ ಎದ್ದು ಕಾಣುತ್ತಿರಲಿಲ್ಲ.

ಯಾರನ್ನೂ ಏನೂ ಕೇಳಿ ಅಭ್ಯಾಸವಿಲ್ಲದ ಮನುಷ್ಯ. ನೆರೆಯವರಿಗೆ ಕೀಲಿ ಕೊಡುವ ಬದಲು ಶುಕ್ರವಾರದಿಂದ ಸೋಮವಾರದವರೆಗೆ ರಜೆ ಹಾಕಿ, ಶುಕ್ರವಾರ ಬೆಳಗ್ಗೆಯೇ ಲೈಟಿನಂಗಡಿಗೆ ಹೋದ.

"ಮುಳ್ಳು ತಿರುಗೋ ಟೈಮರ್ ಬೇಕಾ, ನಂಬರ್ ಬರೋದು ಬೇಕಾ, ಫೋನಲ್ಲಿ ನಡಿಯೋದು ಬೇಕಾ?" ಅಂಗಡಿಯವನು ಕೇಳಿದ.

"ನಂಬೋವಂಥದ್ದು ಬೇಕು."

"ಅದು ನಮ್ಮಲ್ಲಿ ಬರಲ್ಲ ಸ್ವಾಮಿ. ಈ ಮೂರೇ ಇರೋದು. ಫೋನಿಂದು ತಗೊಳ್ಳಿ, ಎಲ್ಲಿದ್ರೂ ಕೂತಲ್ಲೇ ಲೈಟ್ ಹಾಕ್ಬಹುದು."

"ಅಕ್ಕನ ಮನೇಲಿ ಫೋನ್ ನೋಡ್ತಾ ಕೂತ್ರೆ ಚೆನ್ನಾಗಿರುತ್ತಾ? ಮಾತಾಡೋದು ಬೇಕಾದಷ್ಟಿರುತ್ತೆ" ಎಂದು ಮಾಮ ಮುಳ್ಳಿನದನ್ನೇ ಆರಿಸಿದ. ಜೊತೆಗೆ ಶಾಖ ನೋಡಿಕೊಳ್ಳುವ ಪೆಟ್ಟಿಗೆಯೊಂದು. ಅದಕ್ಕೆ ಉದ್ದನೆಯ ತಂತಿಯ ಬಾಲ. ಬಾಲದ ತುದಿಗೆ ಇಪ್ಪತ್ತೆರಡು ಡಿಗ್ರಿಗಿಂತ ಚಳಿ ತಗುಲಿದರೆ ಹೀಟರ್ ಹೊತ್ತುತ್ತದೆ, ಇಪ್ಪತ್ನಾಲ್ಕಕ್ಕೆ ಆರುತ್ತದೆ.

ಮೆಟ್ಟಿಲ ಬಳಿ ಮೇಲ್ಮನೆಯ ನಿವೃತ್ತ ಮೇಷ್ಟ್ರು ಸಿಕ್ಕರು. "ಏನ್ರೀ ಅದು ಡಬ್ಬ?"

"ಟೈಮರ್. ಅಕ್ಕನ ಮನೆಗೆ ಹೋಗ್ತಿದೀನಿ. ಕರೆದಿದಾಳೆ."

ಎಲ್ಲಿಗೆ ಹೋಗ್ತೀರಿ ಎಂದು ಮೇಷ್ಟ್ರು ಕೇಳಿರಲಿಲ್ಲ. ಲೈಟಿನಂಗಡಿಯವನೂ ಕೇಳಿರಲಿಲ್ಲ. ಬೆಳಗಿನಿಂದ ಮಾಮ ಇದನ್ನು ಹಾಲಿನವನಿಗೂ ಹೇಳಿಯಾಗಿತ್ತು.

"ಕೊಡಿ ಇಲ್ಲಿ, ನಿಮ್ಮ ಕೈಲಾಗಲ್ಲ" ಎಂದು ಮೇಷ್ಟ್ರು ಒಳಗೇ ಬಂದರು. ಆಗ ಗಂಟೆ ಹಗಲು ಹನ್ನೊಂದು, ಅವರು ಮುಳ್ಳನ್ನು ರಾತ್ರಿ ಹನ್ನೊಂದಕ್ಕೆ ತಿರುಗಿಸಿದರು. ದೀಪ ಆರಿಹೋಯಿತು. "ವಸ್ತುವೇ ಸರಿಯಿಲ್ಲ" ಎಂದು ಘೋಷಿಸಿದರು. ಅಷ್ಟರಲ್ಲಿ ಎದುರುಮನೆಯ ದರ್ಜಿಯಮ್ಮ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದಳು. ನೇತಾಡುವ ದಾರ ಕಂಡರೆ ಆಕೆಯ ಕೈ ಸುಮ್ಮನಿರುವುದಿಲ್ಲ. ಪೆಟ್ಟಿಗೆಯ ಬಾಲವನ್ನು ನೀಟಾಗಿ ಮಡಚಿ, ಕಿಟಕಿಯ ಸಂದಿಯಿಂದ ಆಚೆಗೆ ತೂರಿಸಿದಳು.

ಆಚೆ ಒಂಬತ್ತು ಡಿಗ್ರಿ ಚಳಿ. ಪೆಟ್ಟಿಗೆ ಪಾಪ ಗಾಬರಿಯಾಗಿ ಹೀಟರನ್ನು ಹೊತ್ತಿಸಿತು, ಆರಿಸುವ ಮಾತೇ ಇಲ್ಲ. ಮೂವರೂ ನಡುಮನೆಯಲ್ಲಿ ಮುಳ್ಳಿನ ಬಗ್ಗೆ ವಾದ ಮುಗಿಸಿ ಬರುವಷ್ಟರಲ್ಲಿ ಕೋಣೆ ಸ್ನಾನದ ಮನೆಯಾಗಿತ್ತು, ಎಲೆಗಳೆಲ್ಲ ಜೋತುಬಿದ್ದಿದ್ದವು.

"ಫ್ಯಾನ್ ಹಾಕಿ, ಫ್ಯಾನ್ ಹಾಕಿ" ಎಂದರು ಮೇಷ್ಟ್ರು. ದರ್ಜಿಯಮ್ಮ ದೀಪ, ಹೀಟರ್ ಇದ್ದ ಕಡೆಯೇ ಫ್ಯಾನನ್ನೂ ಸಿಕ್ಕಿಸಿದಳು. ಟಪ್ಪೆಂದಿತು. ಇಡೀ ಕಟ್ಟಡದ ಕರೆಂಟ್ ಹೋಯಿತು.

ಆಮೇಲೆ ಕೇಳಬೇಕೆ. ಎರಡನೇ ಮಹಡಿಯ ಡ್ರೈವರ್ ಒಂದೇ ಕೆನ್ನೆ ಬೋಳಿಸಿಕೊಂಡು ಇಳಿದುಬಂದ. ಅವನ ಹಿಂದೆ ಉಳಿದವರು. ಯಾರೂ ಕಾಲಿಡದಿದ್ದ ಆ ಕೋಣೆಯಲ್ಲಿ ಒಂಬತ್ತು ಜನ ಗಿಡಗಳ ನಡುವೆ ನಿಂತು ಬೈಯುತ್ತಲೇ ಸಲಹೆ ಕೊಟ್ಟರು. ಮಾಮನ ಮನೆಯಲ್ಲಿದ್ದುದು ಎರಡೇ ಲೋಟ. ಇಬ್ಬರಿಗೆ ಚಹಾ ಕೊಟ್ಟು ಏಳು ಜನರ ಕ್ಷಮೆ ಕೇಳಿದ. ಬಸ್ಸಿಗೆ ತಡವಾಗುತ್ತಿತ್ತು, ಗಿಡ ಬಾಡುತ್ತಿತ್ತು, ಆದರೂ ನಿಜ ಹೇಳಬೇಕೆಂದರೆ ಅವನಿಗೆ ಖುಷಿಯೇ ಆಗಿತ್ತು.

ಕೊನೆಗೆ ಲೈಟಿನಂಗಡಿಯವನೇ ಬಂದು ಕರೆಂಟ್ ಬರಿಸಿ, ಮುಳ್ಳನ್ನೂ ಸರಿಪಡಿಸಿದ. "ದೀಪಕ್ಕೆ ಟೈಮರ್, ಹೀಟರಿಗೆ ಈ ಪೆಟ್ಟಿಗೆ, ಬೇರೆ ಬೇರೆ ಕಡೆ ಸಿಕ್ಕಿಸ್ಬೇಕು. ಈ ತುದಿ ಎಲೆಗಳ ಮಟ್ಟದಲ್ಲಿ, ನೆರಳಲ್ಲಿ ಇರ್ಬೇಕು. ತಗೊಳ್ಳಿ, ಇನ್ನು ಇದಕ್ಕೆ ನೀವು ಬೇಡ್ವೇ ಬೇಡ."

ಹೀಟರ್ ಟಕ್ಕೆಂದು ತಾನೇ ಆರಿತು, ಸ್ವಲ್ಪ ಹೊತ್ತಿಗೆ ತಾನೇ ಹೊತ್ತಿತು. ಎಲೆಗಳು ಮೆಲ್ಲಗೆ ತಲೆಯೆತ್ತಿದವು. ಬೇಕಾಗಿದ್ದುದೂ ಇದೇ. ಆದರೂ ಮಾಮನಿಗೆ ಒಂದು ಥರಾ ಬೇಜಾರಾಯಿತು. ಆರು ಹಣ್ಣು ಕಿತ್ತು ಚೀಲಕ್ಕೆ ಹಾಕಿಕೊಂಡು ಓಡಿದ.

ಹೊರಟಿದ್ದ ಬಸ್ಸನ್ನು ಹಿಡಿದದ್ದೇ ಪುಣ್ಯ. ಮಾತಿಗೆ ತಡವರಿಸಬಾರದೆಂದು, ಅಕ್ಕನಿಗೆ ಏನೇನು ಹೇಳಬೇಕು, ಭಾವನಿಗೆ ಏನು, ಮಕ್ಕಳಿಗೆ ಏನು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡ. ಇವತ್ತಿನ ಫಜೀತಿ ಊಟದ ಹೊತ್ತಿಗೆ, ಉಳಿದದ್ದು ನಾಳೆಗೆ.

ಆರಕ್ಕೆ ಐದು ನಿಮಿಷವಿರುವಾಗ ಅಕ್ಕನ ಮನೆ ಮುಟ್ಟಿದ. ಎಲ್ಲರೂ ಗೇಟಿನ ಹೊರಗೇ ನಿಂತಿದ್ದರು. ನನ್ನನ್ನು ಕಾಯುತ್ತಾ ಇಷ್ಟು ಚಳಿಯಲ್ಲಿ ನಿಂತಿದ್ದಾರಲ್ಲ ಎಂದು ಅವನು ಬೇಗ ಬೇಗ ಹೆಜ್ಜೆ ಹಾಕಿದ. ಸೂಟ್‌ಕೇಸುಗಳು ಆಮೇಲೆ ಕಂಡವು.

"ಬಂದ್ಯಾ, ಸದ್ಯ" ಎಂದಳು ಅಕ್ಕ. "ಇನ್ನು ಹತ್ತು ನಿಮಿಷ ತಡ ಆಗಿದ್ರೆ ವಿಮಾನ ತಪ್ತಿತ್ತು."

"ಯಾರು ಬರ್ತಿದಾರೆ ವಿಮಾನದಲ್ಲಿ?"

"ಬರೋದಲ್ವೋ, ಹೋಗೋದು. ನಾವೆಲ್ಲ, ನಾಲ್ಕು ದಿನ ಪ್ರವಾಸ. ಹೇಳಿರ್ಲಿಲ್ವಾ?"

ಭಾವ ಕೀಲಿಯನ್ನೂ ಒಂದು ಚೀಟಿಯನ್ನೂ ಅವನ ಕೈಗಿಟ್ಟ. "ಕತ್ತಲಾಗಿದ್ರೆ ಕಳ್ಳರು ಕಣ್ಣು ಹಾಕ್ತಾರಪ್ಪ. ಆರಕ್ಕೆ ಹಾಲ್ ಲೈಟು, ಆರೂವರೆಗೆ ಅಡುಗೆಮನೆ, ಹತ್ತಕ್ಕೆ ಎಲ್ಲ ಆರಿಸ್ಬಿಡು. ಹೀಟರ್ ಹದಿನೆಂಟಕ್ಕಿಂತ ಕೆಳಗೆ ಬಿಡ್ಬೇಡ, ಗೋಡೆ ತೇವ ಹಿಡಿಯುತ್ತೆ. ಟೈಮರ್ ಹಾಕ್ಸೋಣ ಅಂತಿದ್ದೆ. ಅದರ ತಲೆನೋವು ಯಾಕೆ, ಅವನು ಹೇಗೂ ಖಾಲಿ ಇರ್ತಾನಲ್ಲ ಅಂದ್ಲು ನಿಮ್ಮಕ್ಕ."

ಅಕ್ಕ ಅವನ ಕೆನ್ನೆ ಸವರಿದಳು. "ಫ್ರಿಜ್ಜಲ್ಲಿ ಎಲ್ಲ ಇದೆ. ಹೊತ್ತಿಗೆ ಸರಿಯಾಗಿ ತಿನ್ನು. ಮಂಗಳವಾರ ಕೆಲಸಕ್ಕೆ ಹೋಗ್ಬೇಕಲ್ಲ, ನಮಗೋಸ್ಕರ ಕಾಯ್ಬೇಡ. ಕೀಲಿ ಪಕ್ಕದ ಮನೇಲಿ ಕೊಟ್ಟು ಹೊರಟ್ಬಿಡು."

ಕಾರು ಹೋಯಿತು. ಮಾಮ ಒಳಗೆ ಹೋಗಿ ಹಾಲ್ ಲೈಟು ಹಾಕಿದ. ಚೀಲ ಕೆಳಗಿಡುವಷ್ಟರಲ್ಲಿ ಮೇಷ್ಟ್ರ ಫೋನು.

"ಬಾಗಿಲ ಸಂದಿಯಿಂದ ನೋಡ್ದೆ ಕಣ್ರೀ, ದೀಪ ಜೋರಾಗಿ ಉರೀತಿದೆ. ನೀವು ನಿಶ್ಚಿಂತೆಯಾಗಿ ಇದ್ದು ಬನ್ನಿ. ಹೇಗಿದಾರೆ ನಿಮ್ಮಕ್ಕನ ಮನೆಯವರೆಲ್ಲ?"

ಮಾಮ ಖಾಲಿ ಸೋಫಾಗಳನ್ನು ನೋಡಿದ.

"ಎಲ್ಲ ಸುತ್ತ ಕೂತಿದಾರೆ ಮೇಷ್ಟ್ರೇ. ಮಾತು, ಮಾತು, ಎದ್ದೇಳೋಕ್ಕೇ ಬಿಡ್ತಿಲ್ಲ. ಆಮೇಲೆ ಮಾಡ್ಲಾ?"

"ಮಾಡಿ, ಮಾಡಿ. ಪುಣ್ಯವಂತರು ನೀವು."

ಫೋನಿಟ್ಟು ಗಡಿಯಾರದ ಎದುರು ಕೂತ. ಆರೂವರೆ ಆಯಿತು. ಎದ್ದು ಹೋಗಿ ಅಡುಗೆಮನೆಯ ದೀಪ ಹಾಕಿದ.