ಸಿಗಾರು ಸಾಕಿದ ಗುಮಾಸ್ತ

ಮ್ಯಾನೇಜರರ ಬಂಗಲೆಯಲ್ಲಿ ಏಸಿ ಹಗಲಿರುಳು ಓಡುತ್ತಿತ್ತು. ಅದರ ಒಣಗಾಳಿಗೆ ಅವರ ಪರದೇಶದ ಸಿಗಾರುಗಳು ಸೊರಗತೊಡಗಿದವು. ಪೀಡೆ ಶುರುವಾದದ್ದು ಅಲ್ಲಿಂದ.

"ಇವತ್ತೊಂದು ದಿನ ನಿಮ್ಮನೇಲಿಟ್ಕೊಂಡು ನೋಡ್ರೀ," ಎಂದು ಮರದ ಡಬ್ಬಿಯೊಂದನ್ನು ಸ್ಟೋರ್ ಗುಮಾಸ್ತನ ಕೈಗಿಟ್ಟರು. ಒಳಗೆ ಗಡಿಯಾರದಂಥ ಪುಟ್ಟ ತೇವಮಾಪಕ. "ಮುಳ್ಳು ಎಪ್ಪತ್ತರಲ್ಲಿ ನಿಂತಿರ್ಬೇಕು. ಹೆಚ್ಚಾದ್ರೆ ಬೂಷ್ಟು, ಕಮ್ಮಿಯಾದ್ರೆ ಪುಡಿ. ಸಂಜೆ ಬರ್ತೀನಿ."

ಗುಮಾಸ್ತನಿಗೆ ಇದು ವರದಂತೆ ಕಂಡಿತು. ಕಂಪನಿ ಕೊಟ್ಟ ಅವನ ಒಂಟಿ ಕೋಣೆಯ ಮನೆಯಲ್ಲಿ ಹಿಂಗೋಡೆ ವರ್ಷವಿಡೀ ಒಸರುತ್ತಿತ್ತು. ಐದು ವರ್ಷದ ಮಗಳು ವರ್ಷವಿಡೀ ಕೆಮ್ಮುತ್ತಿದ್ದಳು. ರಿಪೇರಿಗೆ ಕೊಟ್ಟ ಆರು ಅರ್ಜಿಗಳು ಮ್ಯಾನೇಜರರ ಮೇಜಿನಲ್ಲಿ ಸುಖನಿದ್ದೆ ಹೊಡೆಯುತ್ತಿದ್ದವು. ಸಿಗಾರುಗಳನ್ನು ಚೆನ್ನಾಗಿ ನೋಡಿಕೊಂಡರೆ ಏಳನೆಯದಕ್ಕೆ ಸಹಿ ಬಿದ್ದ ಹಾಗೇ!

ರಜೆ ಹಾಕಿ, ಡಬ್ಬಿಯನ್ನು ಹಸುಗೂಸಿನಂತೆ ಎದೆಗವಚಿ ತಂದ. ಬಾಗಿಲ ಬಳಿ ತೆರೆದು ನೋಡಿದರೆ ಮುಳ್ಳು ಐವತ್ತೆಂಟು. ಅಯ್ಯೋ ಎಂದು ಕೂಗಿಕೊಂಡ.

"ಒದ್ದೆ ಬಟ್ಟೆ ಸುತ್ತಪ್ಪಾ, ಸರಿಹೋಗುತ್ತೆ," ಎಂದ ಪಕ್ಕದ ಮನೆಯ ದರ್ಜಿ ತಾತ. ಸುತ್ತಿದ. ಮುಳ್ಳು ತೊಂಬತ್ತಕ್ಕೆ ಹಾರಿತು.

"ಯಾರಯ್ಯಾ ಇದಕ್ಕೆ ಸ್ನಾನ ಮಾಡ್ಸಿದ್ದು? ಶಾಖ ಕೊಡ್ಬೇಕು!" ಎದುರುಮನೆಯ ಎಲೆಕ್ಟ್ರಿಷಿಯನ್ ಬಟ್ಟೆ ಕಿತ್ತೆಸೆದು ಡಬ್ಬಿಯ ಮೇಲೆ ದೊಡ್ಡ ಬಲ್ಬು ತೂಗುಬಿಟ್ಟ. ಮುಳ್ಳು ನಲವತ್ತಕ್ಕೆ ಜಾರಿತು. ಒಂದು ಸಿಗಾರು ಹಿಮ್ಮಡಿಯಂತೆ ಬಿರಿಯಿತು.

"ಕೊಂದೆಯಲ್ಲೋ!" ತಾತ ಎದೆ ಬಡಿದುಕೊಂಡ. ಗುಮಾಸ್ತ ಬಿರುಕಿಗೆ ಎಂಜಲು ಹಚ್ಚಿ ಅಂಟಿಸಿದ. ಅಷ್ಟರಲ್ಲಿ ಮಗಳು ಕೆಮ್ಮಿದಳು.

"ಅತ್ಲಾಗೆ ತಿರುಗಿ ಕೆಮ್ಮು ಪುಟ್ಟೀ, ಮುಳ್ಳು ಅಲ್ಲಾಡ್ತದೆ!" ಎಂದು ಗುಮಾಸ್ತ ಗದರಿದ.

ಹೆಂಡತಿ ಸೌಟು ಹಿಡಿದೇ ಬಂದಳು. "ಮಗು ಕೆಮ್ಮಿ ಕೆಮ್ಮಿ ಸಾಯ್ತಿದ್ರೆ ಒಬ್ರೂ ಇತ್ತ ತಲೆ ಹಾಕ್ಲಿಲ್ಲ. ಸಾಹೇಬರ ಸಿಗಾರಿಗೆ ಬೀದಿಯೆಲ್ಲಾ ಡಾಕ್ಟರುಗಳು! ನಡೀರಿ ಆಚೆ!" ಡಬ್ಬಿ ಕಸಿದು ಒಸರುವ ಗೋಡೆಯ ಗೂಡಿಗೆ ತುರುಕಿ ಒಲೆಯತ್ತ ಹೋದಳು.

ಐದು ಗಂಟೆಗೆ ಗುಮಾಸ್ತ ಡಬ್ಬಿಯೊಳಗೆ ಇಣುಕಿದ. ಎಪ್ಪತ್ತು. ಅರ್ಧ ಗಂಟೆ ಬಿಟ್ಟು ನೋಡಿದ. ಎಪ್ಪತ್ತು! ಮುಳ್ಳಿಗೆ ಗೋಂದು ಹಚ್ಚಿದಂತಿತ್ತು.

ಮ್ಯಾನೇಜರು ಬಂದರು. ಅಂಟಿಸಿದ ಸಿಗಾರನ್ನೇ ಎತ್ತಿ, ಮೆಲ್ಲನೆ ಒತ್ತಿ, ಮೂಸಿ, ತುಟಿಗಿಟ್ಟರು. "ಅಬ್ಬಬ್ಬಾ, ಏನ್ರೀ ಹದ! ಎಲ್ಲಿಟ್ಟಿದ್ರಿ?"

"ಅಲ್ಲೇ ಸಾರ್. ನೋಡಿ, ನೀವೇ ಕಣ್ಣಾರೆ ನೋಡಿ," ಎಂದಳು ಹೆಂಡತಿ.

ಮ್ಯಾನೇಜರು ಗೋಡೆಯ ಮೇಲೆ ಅಂಗೈಯಾಡಿಸಿದರು. ತೇವವಾದ ಬೆರಳುಗಳನ್ನು ಉಜ್ಜಿ ನೋಡಿದರು. ಮಗಳು ಕೆಮ್ಮಿದಳು, ಅವಳನ್ನೂ ದಿಟ್ಟಿಸಿದರು. ಜೇಬಿನಿಂದ ಪೆನ್ನು ತೆಗೆದರು. ಇದೇ ಸಮಯವೆಂದು ಗುಮಾಸ್ತ ಏಳನೆಯ ಅರ್ಜಿ ಚಾಚಿದ. ಸಾಹೇಬರು ನಿಂತಲ್ಲೇ ನಾಲ್ಕು ಸಾಲು ಗೀಚಿ, ಸಹಿ ಹಾಕಿ, ಅವನ ಬೆನ್ನು ತಟ್ಟಿ ಹೊರಟರು. ಡಬ್ಬಿಯನ್ನು ಮಾತ್ರ ಒಯ್ಯಲಿಲ್ಲ.

ಹೆಂಡತಿ ಅರ್ಜಿ ಕಸಿದುಕೊಂಡು ಗಟ್ಟಿಯಾಗಿ ಓದಿದಳು:

"ಅರ್ಜಿ ವಜಾ. ಈ ಗೋಡೆಗೆ ಸುಣ್ಣ, ಸಿಮೆಂಟು ಏನನ್ನೂ ಸೋಕಿಸಕೂಡದು. ನಾಳೆಯಿಂದ ನನ್ನ ಉಳಿದ ಹನ್ನೆರಡು ಡಬ್ಬಿಗಳೂ ಇಲ್ಲಿಯೇ ಇರತಕ್ಕವು. ಅವುಗಳ ಆರೋಗ್ಯದ ದೃಷ್ಟಿಯಿಂದ, ಕೆಮ್ಮುವ ಮಗುವನ್ನು ಹೊರಗೆ ಮಲಗಿಸುವುದು."