ರಾಜರ ಬುತ್ತಿ ಗೊತ್ತು, ಗೌರಮ್ಮನದು ಗೊತ್ತಿಲ್ಲ

ಸತ್ತವರ ಬಗ್ಗೆ ಬರೆಯುವುದರಲ್ಲಿ ಒಂದು ಅನುಕೂಲವಿದೆ. ಅವರು ಎದ್ದು ಬಂದು ‘ಹಂಗಲ್ಲಪ್ಪ, ಹಿಂಗೆ’ ಎಂದು ತಿದ್ದುವುದಿಲ್ಲ. ಸತ್ತು ನಾಲ್ಕು ಸಾವಿರ ವರ್ಷವಾಗಿದ್ದು, ಅದೂ ಸಮುದ್ರದಾಚೆ ಸತ್ತಿದ್ದರೆ ಇನ್ನೂ ಅನುಕೂಲ. ಹೊಸದುರ್ಗದಲ್ಲಿ ಅವರ ನೆಂಟರಿಷ್ಟರೂ ಸಿಗುವುದಿಲ್ಲ. ಈ ಧೈರ್ಯದ ಮೇಲೆಯೇ, ಎಸ್ಸೆಸ್ಸೆಲ್ಸಿ ಮುಗಿಸಿ ಮೂವತ್ತು ವರ್ಷ ಖಾಸಗಿ ಬಸ್ಸಿನ ಬಾಗಿಲಲ್ಲಿ ನಿಂತು ‘ಹಿರಿಯೂರು, ಹಿರಿಯೂರು’ ಎಂದು ಕೂಗಿದ ನಾನು, ಪ್ರಾಚೀನ ಈಜಿಪ್ಟಿನ ಸಂಶೋಧಕನಾದೆ. ಯಾರೂ ನೇಮಿಸಲಿಲ್ಲ, ನಾನಾಗಿಯೇ ಆದೆ.

ಇದಕ್ಕೆಲ್ಲ ಮೂಲ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಬಿಟ್ಟುಹೋದ, ರಟ್ಟು ಕಿತ್ತುಹೋದ ಒಂದು ಪುಸ್ತಕ. ವಾರಗಟ್ಟಲೆ ಕಾದರೂ ಕೇಳಿಕೊಂಡು ಯಾರೂ ಬರಲಿಲ್ಲ. ಪಿರಮಿಡ್ಡಿನ ಒಳದಾರಿಗಳ ಚಿತ್ರ ನೋಡುತ್ತ ನಿಂತು, ಮಾಡದಕೆರೆಯಲ್ಲಿ ಇಳಿಯಬೇಕಾದ ಮುದುಕಿಯನ್ನು ಮುಂದಿನ ಊರಿಗೆ ಒಯ್ದು ಬೈಸಿಕೊಂಡೆ. ಕೆಲಸ ಬಿಟ್ಟ ಮೇಲಂತೂ ತಡೆಯುವವರೇ ಇಲ್ಲ. ಹನ್ನೊಂದು ನೋಟುಬುಕ್ಕು ತುಂಬಿದವು. ಕೂತು ಬರೆದವಲ್ಲ, ಕಂಡಕ್ಟರನ ಕಾಲಿಗೆ ಕೂರುವುದು ಒಗ್ಗದು. ಎರಡು ಸಾಲು ಬರೆದರೆ ಏಳಬೇಕು, ಬಾಗಿಲವರೆಗೆ ಹೋಗಬೇಕು, ಬೀದಿ ನೋಡಬೇಕು, ಮತ್ತೆ ಬಂದು ಎರಡು ಸಾಲು. ಟೀ ಅಂಗಡಿಯವನು ದಿನವೂ ಕೇಳುತ್ತಿದ್ದ: “ಏನ್ ಕಂಡಕ್ಟ್ರೇ, ಈಜಿಪ್ಟಿಗೆ ನಡುವೆ ಎಷ್ಟು ಸ್ಟಾಪ್ ಅವೆ?”

ಗೋರಿಯೊಳಗಿನ ಕತ್ತಲೆ ಹೇಗಿರುತ್ತದೆಂದು ತಿಳಿಯಲು ಒಮ್ಮೆ ಚಂದ್ರವಳ್ಳಿಯ ಗವಿಗೂ ಹೋಗಿದ್ದೆ. ಹೆಂಡತಿ ಗೌರಮ್ಮ ಚೀಲ ಹಿಡಿದು ಹೊರಗೆ ಕಾದಳು. ನಾನು ಒಳಗೆ ಹಣೆ ಬಡಿಸಿಕೊಂಡು ಹೊರಬಂದಾಗ, “ಸಿಕ್ಕಿದ್ನಾ ನಿಮ್ಮ ರಾಜ?” ಎಂದು ಕೇಳಿದಳು. ಅಷ್ಟೇ. ಮನೆಗೆ ಬಂದ ಮೇಲೆ ಅರಿಸಿನ ಹಚ್ಚಿದಳು.

ಆ ಗೌರಮ್ಮ ಕಳೆದ ಮಾಘದಲ್ಲಿ ತೀರಿಕೊಂಡಳು. ನಾನು ಒಪ್ಪಿಕೊಳ್ಳಬೇಕೆಂದಿರುವ ತಪ್ಪು ಆಮೇಲಿನ ಮಹಾಲಯ ಅಮಾವಾಸ್ಯೆಗೆ ಬಯಲಾಯಿತು. ಹಿರಿಯರ ಹಬ್ಬಕ್ಕೆ ನಮ್ಮಲ್ಲಿ ಸತ್ತವರ ಇಷ್ಟದ ತಿನಿಸುಗಳನ್ನು ಎಲೆಯಲ್ಲಿಟ್ಟು ಎಡೆ ಮಾಡುತ್ತೇವೆ. ಇಷ್ಟದ್ದು ಇಲ್ಲದಿದ್ದರೆ ಅವರು ಬಂದು, ನೋಡಿ, ಹಸಿದುಕೊಂಡೇ ಹಿಂದಿರುಗುತ್ತಾರೆಂದು ನಂಬಿಕೆ. ಹಬ್ಬಕ್ಕೆ ಮೂರು ದಿನವಿರುವಾಗ ಮಗಳು ಸುಮ ಗಂಡನ ಮನೆಯಿಂದ ಬಂದು ಚೀಟಿ ಪೆನ್ನು ಹಿಡಿದು ಕೂತಳು.

“ಅಪ್ಪ, ಅಮ್ಮಂದು ಮೊದಲನೇ ಎಡೆ. ಏನಿಷ್ಟ ಇತ್ತು ಹೇಳು, ಸಾಮಾನು ತರ್ಬೇಕು.”

“ಪಾಯಸ,” ಎಂದೆ.

“ಅದು ನಿಂಗಿಷ್ಟ.”

“ಹಂಗಾರೆ ಶಾವಿಗೆ.”

“ಅದು ನಂಗಿಷ್ಟ.”

ನನಗೆ ಕೂರಲಾಗಲಿಲ್ಲ. ಎದ್ದು ಬಾಗಿಲವರೆಗೆ ಹೋಗಿ ಬಂದೆ. ಗೊತ್ತಿಲ್ಲವೆನ್ನಲು ಬಾಯಿ ಬಾರದೆ, ಕೈಗೆ ಸಿಕ್ಕ ನೋಟುಬುಕ್ಕು ತೆರೆದು, ಆ ಕಾಲದಲ್ಲಿ ರೊಟ್ಟಿ, ಈರುಳ್ಳಿ, ಅಂಜೂರ, ಹುರಿದ ಹೆಬ್ಬಾತು ಇಡುತ್ತಿದ್ದರೆಂದೂ, ಸಾವಿರ ರೊಟ್ಟಿ ಸಿಗಲಿ ಎಂದು ಗೋಡೆಯಲ್ಲೇ ಕೆತ್ತಿಸುತ್ತಿದ್ದರೆಂದೂ ಹೇಳತೊಡಗಿದೆ.

“ಹೆಬ್ಬಾತಿನ ಸುದ್ದಿ ಬ್ಯಾಡ. ಅಮ್ಮಂದು ಹೇಳು.”

“ನೀನು ಮಗಳಲ್ವೇನೇ? ನಿಂಗೇ ಗೊತ್ತಿಲ್ವಾ?”

“ಅಮ್ಮ ಯಾವತ್ತು ನಮ್ಮ ಜೊತೆ ಕುಂತು ಉಂಡೈತೆ? ಎಲ್ಲರ್ದೂ ಆದ್ಮೇಲೆ ಒಳಗೆ ಉಂಬೋದು. ನಾನು ಮದುವೆಯಾಗಿ ಹೋದೆ. ಜೊತೆಗಿದ್ದೋನು ನೀನು.”

ಅವಳು ಚೀಟಿಯನ್ನು ಬರಿದಾಗಿಯೇ ಮಡಿಸಿ ಇಟ್ಟುಕೊಂಡಳು. ನನ್ನ ಸಂಶೋಧನೆಯನ್ನು ಇಷ್ಟು ಚೆನ್ನಾಗಿ ಯಾರೂ ವಿಮರ್ಶೆ ಮಾಡಿರಲಿಲ್ಲ. ಬದುಕಿದ್ದಷ್ಟು ದಿನ ಕಾದು ಉಂಡವಳು, ಸತ್ತ ಮೇಲೂ ನನ್ನ ದೆಸೆಯಿಂದ ಹಸಿದು ಹೋಗುವಂತಾದರೆ ಹೇಗೆ?

ಪಕ್ಕದ ಮನೆಯ ಈರಮ್ಮನನ್ನು ಕೇಳಿದೆ. “ಆಯಮ್ಮ ನಮ್ಮನೇಲಿ ಕಾಫಿ ಬಿಟ್ಟು ಏನೂ ಮುಟ್ತಿರ್ಲಿಲ್ಲ ಕಣ್ರಿ. ಕುಂತ್ರೆ ನಿಮ್ಮ ಸುದ್ದಿನೇ ಹೇಳೋಳು,” ಎಂದಳು. “ಏನಂತ?” ಎಂದೆ. “ಈಗ್ಯಾಕೆ ಬಿಡ್ರಿ,” ಎಂದು ಒಳಗೆ ಹೋದಳು.

ಮರುದಿನ ಹರಿಯಬ್ಬೆಗೆ ಹೊರಟೆ. ಅಲ್ಲಿ ಗೌರಮ್ಮನ ತಂಗಿ ನಾಗಮ್ಮ ಇದ್ದಾಳೆ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲಲ್ಲೇ ನಿಂತೆ. ಆ ಕಂಡಕ್ಟರ್ ಎರಡು ಸಲ, “ಕುಂತ್ಕಳ್ರಿ ಅಜ್ಜ,” ಎಂದ. ಮೂರನೆಯ ಸಲ, “ಬಿದ್ರೆ ನನ್ ಕೆಲಸ ಹೋಗ್ತೈತೆ,” ಎಂದ. ಆ ಮಾತು ನಾನೇ ಎಷ್ಟು ಜನಕ್ಕೆ ಹೇಳಿಲ್ಲ. ಕೂತೆ. ಹಿರಿಯೂರಿನಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಗೌರಮ್ಮನ ತಟ್ಟೆ ನೆನಪಿಸಿಕೊಳ್ಳಲು ನೋಡಿದೆ. ಅವಳ ಕೈ ಕಂಡಿತು, ಸೌಟು ಕಂಡಿತು, ನನ್ನ ತಟ್ಟೆ ಕಂಡಿತು. ಅವಳದು ಕಾಣಲಿಲ್ಲ.

ನಾಗಮ್ಮ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. “ಏನ್ ಭಾವ, ದಾರಿ ತಪ್ತಾ?” ಎಂದಳು. ವಿಷಯ ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಖಾರಮಂಡಕ್ಕಿ ಭಾವ. ಶೇಂಗಾಬೀಜ ಹಾಕಿ ಗರಿಗರಿ ಹುರಿದಿರ್ಬೇಕು. ಇಲ್ಲಿಗೆ ಬಂದ್ರೆ ಒಂದು ಸೇರು ಮುಗ್ಸೋಳು.”

“ಮನೆಯಲ್ಲಿ ತಿಂದಿದ್ದು ನಾನು ನೋಡೇ ಇಲ್ಲವಲ್ಲ.”

“ನಾನೂ ಕೇಳ್ದೆ, ಯಾಕಕ್ಕ, ನಿಮ್ಮೂರಾಗೆ ಮಂಡಕ್ಕಿ ಸಿಗಲ್ವ ಅಂತ. ಅಲ್ಲಿ ಬ್ಯಾಡ ಕಣೇ, ನಿಮ್ ಭಾವ ಬರೀತಿರ್ತಾರೆ ಅಂದ್ಲು.”

ದೂರಿನ ದನಿಯಲ್ಲಿ ಹೇಳಿದ್ದರೆ ವಾದ ಮಾಡಬಹುದಿತ್ತು. ಮಳೆ ಬರುತ್ತೆ, ಬಟ್ಟೆ ಒಳಗೆ ಹಾಕು ಎಂಬಂತೆ ಹೇಳಿದಳು. ಆಗ ನೆನಪಾಯಿತು. ಮೂರನೆಯ ನೋಟುಬುಕ್ಕಿನ ಕಾಲ. ನಾನು ರಾಜನೊಬ್ಬನ ಹೆಣವನ್ನು ಗೋರಿಗೆ ಇಳಿಸುತ್ತಿದ್ದೆ. ಬೆನ್ನ ಹಿಂದೆ, ಹೊಸ್ತಿಲ ಬಳಿ ಕರುಂ ಕುರುಂ ಸದ್ದು. ತಿರುಗಿಯೂ ನೋಡದೆ, “ಲೇ, ಅದನ್ನ ನಿಲ್ಲಿಸ್ತೀಯಾ? ಇಲ್ಲಿ ಹೆಣ ಅರ್ಧಕ್ಕೆ ನಿಂತೈತೆ,” ಎಂದೆ. ಸದ್ದು ನಿಂತಿತು. ಡಬ್ಬಿಗೆ ಏನೋ ಸುರಿದದ್ದು ಕೇಳಿತು. ನಾನು ಹೆಣ ಇಳಿಸಿ ಮುಗಿಸಿದೆ. ಆ ಪುಟ ಚೆನ್ನಾಗಿ ಬಂದಿದೆ ಎಂದು ಅವಳಿಗೇ ಓದಿಯೂ ಹೇಳಿದೆ.

ನಾಗಮ್ಮ ಸುಲಿದ ಬೀಜವನ್ನು ಕಾಗದದಲ್ಲಿ ಕಟ್ಟಿ ಕೊಟ್ಟಳು. “ಇವನ್ನೇ ಹಾಕ್ಸಿ,” ಎಂದಳು.

ಹಬ್ಬದ ದಿನ ಸುಮ ಎಲೆಗೆ ಹೋಳಿಗೆ, ಅನ್ನ, ಪಲ್ಯ ಬಡಿಸಿ ನಡುವೆ ಖಾರಮಂಡಕ್ಕಿಯನ್ನು ಗುಡ್ಡೆ ಹಾಕಿದಳು. ಪಕ್ಕದಲ್ಲಿ ಗೌರಮ್ಮನ ಹಸಿರು ಸೀರೆ ಇಟ್ಟಳು. ದೀಪ ಹಚ್ಚಿ, ಲೋಬಾನದ ಹೊಗೆ ಹಾಕಿ, ಪದ್ಧತಿಯಂತೆ ಬಾಗಿಲು ಎಳೆದುಕೊಂಡು ಇಬ್ಬರೂ ಹೊರಗೆ ಜಗಲಿಯ ಮೇಲೆ ಕೂತೆವು. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಹಾಗೇ ಕೂರಬೇಕು. ನಾನು ಎರಡು ಸಲ ಎದ್ದೆ, ಎರಡು ಸಲ ಸುಮ ಪಂಚೆ ಹಿಡಿದು ಕೂರಿಸಿದಳು. ಸುಮ್ಮನೆ ಕೂತರೆ ಕಣ್ಣು ಆ ಮುಚ್ಚಿದ ಬಾಗಿಲಿಗೇ ಹೋಗುತ್ತಿತ್ತು. ಅದನ್ನು ತಪ್ಪಿಸಲು ನನಗೆ ತಿಳಿದಿರುವುದು ಒಂದೇ ದಾರಿ.

“ಅವರ ಗೋರಿಗಳಲ್ಲೂ ಒಂದು ಬಾಗಿಲು ಇರ್ತಿತ್ತು ಸುಮ,” ಎಂದೆ. “ಕಲ್ಲಲ್ಲಿ ಕೆತ್ತಿದ್ದು, ತೆರೆಯೋಕೆ ಆಗಲ್ಲ. ಸತ್ತೋರು ಅದರಿಂದ್ಲೇ ಬಂದು ಎಡೆ ತಗೊಂಡು ಹೋಗ್ತಾರೆ ಅಂತ, ಅದರ ಮುಂದೆನೇ...”

“ಅಪ್ಪ, ಸ್ವಲ್ಪ ಸುಮ್ಕಿರು. ಅಮ್ಮ ತಿಂತಾ ಐತೆ.”

ಬಾಗಿಲು ತೆಗೆಯುವವರೆಗೂ ನಾನು ಮತ್ತೆ ತುಟಿ ಬಿಚ್ಚಲಿಲ್ಲ. ತಲೆಯೊಳಗೆ ಮಾತ್ರ ಆ ಕಲ್ಲಿನ ಬಾಗಿಲಿನ ಪ್ಯಾರಾ ತನ್ನಷ್ಟಕ್ಕೆ ತಾನೇ ಮುಂದುವರಿಯುತ್ತಿತ್ತು. ಅದು ಒಳಗಿದ್ದವಳಿಗೆ ತಿಳಿಯದೆ ಇರಲಾರದು.