ಅರ್ಧಕ್ಕೆ ನಿಂತ ಡ್ರೈವರ್

ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಅದನ್ನು ಕೆಡಿಸಿದವನು ನಾನಲ್ಲ ಎಂದು ಸಾಧಿಸುವುದರಲ್ಲಿ ನನಗೆ ಒಳ್ಳೆಯ ಪಳಗಿಕೆ ಇದೆ. ಮಿಕ್ಸಿ ಸುಟ್ಟರೆ ವೋಲ್ಟೇಜು, ಗೀಸರ್ ಕೆಟ್ಟರೆ ಬೋರ್‌ವೆಲ್ ನೀರು. ಕಂಪ್ಯೂಟರಿನ ಮುಂದೆ ಮಾತ್ರ ಈ ವಿದ್ಯೆ ನಡೆಯಲಿಲ್ಲ.

ನನ್ನ ಹೆಂಡತಿ ಸುಮಿತ್ರ ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯಲ್ಲೇ ಕೂತು ಮದುವೆ, ಗೃಹಪ್ರವೇಶದ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಸಿದ್ಧಮಾಡುತ್ತಾಳೆ. ವೈರಸ್ ಬರುವುದಿಲ್ಲ ಎಂದು ಬೀದಿಗೆಲ್ಲ ಭಾಷಣ ಮಾಡಿ ಅದರಲ್ಲಿದ್ದ ಮಾಮೂಲಿ ವ್ಯವಸ್ಥೆ ತೆಗೆದು ಲಿನಕ್ಸ್ ಹಾಕಿದವನು ನಾನು. ಎದುರು ಮನೆಯ ಭಾಗ್ಯಮ್ಮನವರು ಉಲ್ಲಾಳದಲ್ಲಿ ಮನೆ ಕಟ್ಟಿಸಿದ್ದರು. ಅವರ ಪತ್ರಿಕೆ ಅಂದು ನಾಲ್ಕು ಗಂಟೆಗೆ ಪ್ರೆಸ್ಸಿಗೆ ಹೋಗಬೇಕಿತ್ತು. ಪರದೆಯಲ್ಲಿ ಬಣ್ಣ ಸರಿಯಾಗಿ ಕಾಣುತ್ತಿಲ್ಲ ಎಂದು ಹೇಳಿ ಸುಮಿತ್ರ ದೇವಸ್ಥಾನದ ಊಟಕ್ಕೆ ಹೋದಳು. ಅವಳು ಬರುವಷ್ಟರಲ್ಲಿ ಬೆರಗುಗೊಳಿಸೋಣವೆಂದು ಪರದೆಯ ಚಿತ್ರ, ಬಣ್ಣ ನೋಡಿಕೊಳ್ಳುವ ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶವನ್ನು ಹೊಸದಾಗಿ ಹಾಕಲು ಶುರುಮಾಡಿ, ಅದು ಮುಗಿಯುವುದರೊಳಗೆ ಕೊತ್ತಂಬರಿ ಸೊಪ್ಪು ತರಲು ಹೊರಟೆ. ಬೀಗ ಹಾಕುವ ಮುಂಚೆ ಮೇನ್ ಸ್ವಿಚ್ ಆರಿಸಿದೆ. ಊರಿಗೆ ಹೋಗಲಿ, ಬೀದಿ ಕೊನೆಗೆ ಹೋಗಲಿ, ಮೇನ್ ಆರಿಸದೆ ಹೊಸ್ತಿಲು ದಾಟಬಾರದೆಂಬುದು ನಮ್ಮ ತಂದೆ ಕಲಿಸಿದ ಶಿಸ್ತು.

ಬಂದು ಮೇನ್ ಹಾಕಿ ಕಂಪ್ಯೂಟರ್ ಹಚ್ಚಿದರೆ ಕಪ್ಪು ಪರದೆ, ಮೂಲೆಯಲ್ಲಿ ನಾಲ್ಕು ಬಿಳಿ ಅಕ್ಷರ. ಮೊಬೈಲ್ ನೋಡಿಕೊಂಡು ಮತ್ತೆ ಡ್ರೈವರ್ ಹಾಕಲು ಹೋದೆ. ಪಾಸ್‌ವರ್ಡ್ ಒತ್ತಿದರೆ ಒಂದಕ್ಷರವೂ ಮೂಡಲಿಲ್ಲ; ಲಿನಕ್ಸಿನಲ್ಲಿ ಅದು ಕಾಣದಿರುವುದೇ ಪದ್ಧತಿಯೆಂದು ಆಮೇಲೆ ತಿಳಿಯಿತು. ಕೀಬೋರ್ಡೂ ಹೋಯಿತೆಂದು ಅದನ್ನು ತಿರುವಿ ಬಡಿದೆ, ಅದರೊಳಗಿಂದ ಖಾರಾಬೂಂದಿ ಉದುರಿತು. ಕೊನೆಗೆ ಹೇಗೋ ಒಂದಿಷ್ಟು ಇಂಗ್ಲಿಷ್ ಸಾಲುಗಳು ಬಂದವು. ಎರರ್ ಎಂದು ಕಂಡದ್ದೇ ತಡ, ಮುಂದೆ ಓದಲಿಲ್ಲ. ಅಷ್ಟರಲ್ಲಿ ಸುಮಿತ್ರ ಬಂದಳು. ಡ್ರೈವರ್ ಮಾಡಿದವರಿಗೆ ಬುದ್ಧಿ ಇಲ್ಲವೆಂದು ನಾನು ವಿವರಿಸತೊಡಗಿದೆ. ಗಂಟೆ ಆಗಲೇ ಮೂರು. ಅವಳ ಮುಖ ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅವಳು ನನ್ನನ್ನು ಎಬ್ಬಿಸಿ, ಕೂತು, ಸಾಲುಗಳನ್ನು ಪೂರ್ತಿ ಓದಿದಳು.

"ಹಾಕೋದು ಮಧ್ಯದಲ್ಲೇ ನಿಂತುಹೋಗಿದೆಯಂತೆ. ಮುಗಿಸೋಕೆ ಏನು ಟೈಪ್ ಮಾಡ್ಬೇಕು ಅಂತಾನೂ ಇಲ್ಲೇ ಬರ್ದಿದೆ. ಮೇನ್ ಆಫ್ ಮಾಡಿದ್ರಾ?"

ನಾನು ಸೊಪ್ಪು ಬಿಡಿಸಲು ಕೂತೆ. ಅವಳು ಆ ಒಂದು ಸಾಲನ್ನು ಒತ್ತಿ, ಕಂಪ್ಯೂಟರ್ ಆರಿಸಿ ಹಚ್ಚಿದಳು. ಪತ್ರಿಕೆಯ ಗಣಪತಿ ಕೆಂಪಗೆ, ನಿಚ್ಚಳವಾಗಿ ಎದ್ದುಬಂದ. ನಾಲ್ಕಕ್ಕೆ ಐದು ನಿಮಿಷವಿರುವಾಗ ಪತ್ರಿಕೆ ಪ್ರೆಸ್ಸಿಗೆ ಹೋಯಿತು.

ಭಾಗ್ಯಮ್ಮನವರು ಫೋನ್ ಮಾಡಿದಾಗ ಸುಮಿತ್ರ, "ಕಂಪ್ಯೂಟರ್ ಕೈಕೊಟ್ಟಿತ್ತು ಆಂಟಿ, ನಮ್ಮನೆಯವರೇ ಸರಿಮಾಡಿದ್ರು," ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರುದಿನ ಬೆಳಿಗ್ಗೆಯೇ ಭಾಗ್ಯಮ್ಮನವರು ತಮ್ಮ ಕೆಟ್ಟ ಲ್ಯಾಪ್‌ಟಾಪ್ ಹಿಡಿದು ಬಾಗಿಲಿಗೆ ಬಂದರು. ಇದೇನು ಮಹಾ, ಸಂಜೆಯೊಳಗೆ ಆಗುತ್ತದೆ ಎಂದು ಗತ್ತಿನಿಂದ ತೆಗೆದುಕೊಂಡೆ. ಅವರು ಗೇಟು ದಾಟಿದ ಮೇಲೆ ಅಡುಗೆಮನೆಗೆ ಹೋಗಿ, ಇವತ್ತು ನಿನಗೆ ಕೆಲಸ ಜಾಸ್ತಿ ಇದೆಯಾ ಎಂದು ಸುಮಿತ್ರಳನ್ನು ಮೆಲ್ಲಗೆ ಕೇಳಿದೆ.